ಮಾರ್ಷಲ್ ದ್ವೀಪಗಳ ಕಾನೂನು ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರದ ಹಳ್ಳಿ. ನನ್ನ ತಮ್ಮ ಮರ್ಚೆಂಟ್ ನೇವಿಯಲ್ಲಿ ಫಿಟ್ಟರ್. ಹಡಗಿನಲ್ಲಿ ಕೈಗೆ ಪೆಟ್ಟಾಗಿ ಕಾಂಟ್ರಾಕ್ಟ್ ಮುಗಿಯುವ ಮೊದಲೇ ಸೈನ್ ಆಫ್ ಮಾಡಿಸಿ ಕಳಿಸಿದ್ದಾರೆ. ಸಂಬಳವೂ ಚಿಕಿತ್ಸೆಯ ಖರ್ಚೂ ಬಾಕಿ ಇದೆ. ಕಾಂಟ್ರಾಕ್ಟಿನಲ್ಲಿ ‘ಮಾರ್ಷಲ್ ದ್ವೀಪಗಳ ಕಾನೂನು ಅನ್ವಯ’ ಎಂದು ಬರೆದಿದೆ. ನಾನು ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಆ ದೇಶದ ಕಾಯ್ದೆ, ಕೋರ್ಟ್ ತೀರ್ಪು ಹುಡುಕಿದರೆ ಕಂಪನಿ ನೋಂದಣಿ ಮಾಡಿಕೊಡುವ ಏಜೆಂಟರ ಜಾಹೀರಾತೇ ಬರುತ್ತದೆ. ಇಂಥ ಸಣ್ಣ ದ್ವೀಪಗಳ ಕಾನೂನನ್ನು ಎಲ್ಲಿ ನೋಡಬೇಕು? ಸಿಕ್ಕಿದ್ದನ್ನು ಎಷ್ಟು ನಂಬಬೇಕು?

ಉತ್ತರ: ನಿಮ್ಮ ತಮ್ಮನ ಕೈ ಬೇಗ ಗುಣವಾಗಲಿ. ಮಲ್ಪೆಯಿಂದ ಕಾರವಾರದವರೆಗೆ ಹಡಗಿಗೆ ಹೋಗುವ ಹುಡುಗರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಸಹಿ ಹಾಕುವುದು ತಾವು ಕಣ್ಣಲ್ಲೇ ಕಾಣದ ದೇಶದ ಕಾನೂನಿಗೆ. ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಮಾರ್ಷಲ್ ದ್ವೀಪಗಳ ಜನಸಂಖ್ಯೆ 2021ರ ಗಣತಿಯಂತೆ 42 ಸಾವಿರದ ಆಸುಪಾಸು. ನಿಮ್ಮ ತಾಲ್ಲೂಕಿನ ಜನಸಂಖ್ಯೆಗಿಂತ ಎಷ್ಟೋ ಕಡಿಮೆ. ಆದರೆ ಹಡಗು ನೋಂದಣಿಯಲ್ಲಿ ಲೈಬೀರಿಯಾ, ಪನಾಮಾಗಳ ಸಾಲಿನಲ್ಲಿ ನಿಲ್ಲುವ ದೇಶ ಅದು. ಸಂಸತ್ತು ಮತ್ತು ಕೋರ್ಟು ಪೆಸಿಫಿಕ್ ಸಾಗರದ ನಡುವಿನ ಮಜುರೊದಲ್ಲಿವೆ. ಹಡಗು ನೋಂದಣಿಯ ಆಡಳಿತ ನಡೆಯುವುದು ಅಮೆರಿಕದ ವರ್ಜೀನಿಯಾ ರಾಜ್ಯದ ರೆಸ್ಟನ್ ಎಂಬ ಊರಿನಿಂದ. ನಿಮ್ಮ ಹುಡುಕಾಟ ಎಡವುತ್ತಿರುವುದು ಇಲ್ಲೇ. ನಮ್ಮಲ್ಲಿ ಕಾಯ್ದೆ ಬೇಕೆಂದರೆ ಇಂಡಿಯಾ ಕೋಡ್, ತೀರ್ಪು ಬೇಕೆಂದರೆ ಇಂಡಿಯನ್ ಕಾನೂನ್ ಎಂದು ನೇರವಾಗಿ ಹೋಗುತ್ತೇವೆ. ಸಣ್ಣ ದ್ವೀಪದ ಕಾನೂನು ಹಾಗೆ ಒಂದೇ ಮನೆಯಲ್ಲಿ ಇರುವುದಿಲ್ಲ. ಒಂದಿಷ್ಟು ದ್ವೀಪದಲ್ಲಿರುತ್ತದೆ, ಒಂದಿಷ್ಟು ಹಿಂದೆ ಆಳಿದವರ ದೇಶದಲ್ಲಿ, ಇನ್ನೊಂದಿಷ್ಟು ಕೊನೆಯ ಅಪೀಲು ಕೇಳುವ ಊರಿನಲ್ಲಿ. ಆದ್ದರಿಂದ ಹುಡುಕುವ ಮೊದಲು ನಾನು ಮೂರು ಸಂಗತಿ ಬರೆದಿಟ್ಟುಕೊಳ್ಳುತ್ತೇನೆ: ಈ ದ್ವೀಪ ಯಾರ ಕಾನೂನನ್ನು ಎರವಲು ತಂದಿತು, ಯಾವ ದಿನಾಂಕದವರೆಗಿನದನ್ನು ತಂದಿತು, ಇಲ್ಲಿಯ ಕೊನೆಯ ಅಪೀಲು ಎಲ್ಲಿಗೆ ಹೋಗುತ್ತದೆ.

ನಮ್ಮ ಪಕ್ಕದ ಸಮುದ್ರದಿಂದಲೇ ಉದಾಹರಣೆ ಕೊಡುತ್ತೇನೆ. ‘ಲಕ್ಷದ್ವೀಪ ಹೈಕೋರ್ಟ್’ ಎಂದು ಹುಡುಕಿದರೆ ಏನೂ ಸಿಗದು, ಏಕೆಂದರೆ ಅಂಥದ್ದೊಂದು ಇಲ್ಲ. ಅಲ್ಲಿಗೆ ಕೇರಳ ಹೈಕೋರ್ಟೇ ಹೈಕೋರ್ಟು. ಅಲ್ಲಿನ ಕಾನೂನುಗಳಲ್ಲಿ ಹಲವು ವಿಧಾನಸಭೆಯ ಕಾಯ್ದೆಗಳಲ್ಲ, ಸಂವಿಧಾನದ 240ನೇ ವಿಧಿಯ ಕೆಳಗೆ ರಾಷ್ಟ್ರಪತಿಗಳು ಹೊರಡಿಸಿದ ರೆಗ್ಯುಲೇಶನ್‌ಗಳು. 1973ಕ್ಕಿಂತ ಹಿಂದಿನವು ‘ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದಿವಿ’ ಎಂಬ ಹಳೆಯ ಹೆಸರಿನಲ್ಲಿವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಅವುಗಳ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಅವುಗಳ ಹಳೆಯ ವ್ಯವಹಾರ ಹುಡುಕುವವರು ಕವರತ್ತಿಯ ಹೆಸರಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಮದ್ರಾಸ್ ಪ್ರಾಂತದ ಕಾಗದಗಳ ಕಡೆ ತಿರುಗಬೇಕು.

ಈಗ ಮಾರ್ಷಲ್ ದ್ವೀಪಗಳಿಗೆ ಬರೋಣ. ಎರಡನೆಯ ಮಹಾಯುದ್ಧದ ನಂತರ ಅದು ವಿಶ್ವಸಂಸ್ಥೆಯ ಪರವಾಗಿ ಅಮೆರಿಕ ಆಳುತ್ತಿದ್ದ ಟ್ರಸ್ಟ್ ಟೆರಿಟರಿಯ ಭಾಗವಾಗಿತ್ತು. 1979ರಲ್ಲಿ ಸ್ವಂತ ಸಂವಿಧಾನ ಬಂತು. ಅಲ್ಲಿನ ಸಂಸತ್ತಿಗೆ ನಿತಿಜೇಲಾ ಎಂದು ಹೆಸರು, 33 ಸದಸ್ಯರು. ಕಾಯ್ದೆಗಳೆಲ್ಲ ‘ಮಾರ್ಷಲ್ ಐಲ್ಯಾಂಡ್ಸ್ ರಿವೈಸ್ಡ್ ಕೋಡ್’ ಎಂಬ ಸಂಹಿತೆಯಲ್ಲಿ ಟೈಟಲ್‌ಗಳಾಗಿ ಜೋಡಿಸಿವೆ. ನಿಮಗೆ ಬೇಕಾದದ್ದು 47ನೇ ಟೈಟಲ್, ಅಂದರೆ ಮ್ಯಾರಿಟೈಮ್ ಆ್ಯಕ್ಟ್ 1990. ಇದನ್ನು ನಿತಿಜೇಲಾದ ತಾಣದಲ್ಲಿ ನೋಡಬಹುದು. ಹಡಗು ನೋಂದಣಿ ಆಡಳಿತದವರು ಅದನ್ನೇ ‘ಎಂಐ-107’ ಎಂಬ ಸಂಖ್ಯೆಯ ಪುಸ್ತಿಕೆಯಾಗಿ, ನಿಯಮಗಳನ್ನು ‘ಎಂಐ-108’ ಎಂದು ಪ್ರಕಟಿಸುತ್ತಾರೆ. ಈ ಎರಡು ಸಂಖ್ಯೆ ಹಾಕಿ ಹುಡುಕಿದರೆ ಏಜೆಂಟರ ಜಾಹೀರಾತು ಪಕ್ಕಕ್ಕೆ ಸರಿದು ಮೂಲ ಪಾಠ ಬರುತ್ತದೆ. ತೆರೆದ ಕೂಡಲೇ ತಿದ್ದುಪಡಿಯ ದಿನಾಂಕ ನೋಡಿ ಬರೆದಿಟ್ಟುಕೊಳ್ಳಿ. ನಾವಿಕರ ಬಗ್ಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಒಂದು ಕಲಂ ಮಾತ್ರ ಕಿತ್ತುಕೊಳ್ಳಬೇಡಿ.

ಆದರೆ ನಿಮ್ಮ ತಮ್ಮನಿಗೆ ಹೆಚ್ಚು ಕೆಲಸಕ್ಕೆ ಬರುವುದು ಅದೇ ಕಾಯ್ದೆಯ 113ನೇ ಕಲಂ ಎಂದು ನನ್ನ ಅನಿಸಿಕೆ. ದೇಶದ ಬೇರೆ ಕಾನೂನಿಗೆ ವಿರೋಧವಾಗದ ಮಟ್ಟಿಗೆ, ಅಮೆರಿಕದ ಶಾಸನರೂಪದ್ದಲ್ಲದ ಸಾಮಾನ್ಯ ಸಾಗರ ಕಾನೂನೇ ಮಾರ್ಷಲ್ ದ್ವೀಪಗಳ ಸಾಮಾನ್ಯ ಸಾಗರ ಕಾನೂನು ಎಂದು ಅದು ಹೇಳುತ್ತದೆ. ‘ಶಾಸನರೂಪದ್ದಲ್ಲದ’ ಎಂಬ ಮಾತಿಗೆ ಅಡಿಗೆರೆ ಹಾಕಿ. ಅಮೆರಿಕದ ನಾವಿಕರು ಪರಿಹಾರಕ್ಕೆ ನೆಚ್ಚುವ 1920ರ ಜೋನ್ಸ್ ಆ್ಯಕ್ಟ್ ಒಂದು ಶಾಸನ, ಆದ್ದರಿಂದ ಅದು ಈ ಬಾಗಿಲಿನಿಂದ ಒಳಗೆ ಬರುವುದಿಲ್ಲ. ಆದರೆ ಕೋರ್ಟುಗಳೇ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ‘ಮೆಂಟೆನೆನ್ಸ್ ಆ್ಯಂಡ್ ಕ್ಯೂರ್’ ಎಂಬ ತತ್ವ ಬರುತ್ತದೆ: ಹಡಗಿನ ಸೇವೆಯಲ್ಲಿದ್ದಾಗ ಕಾಯಿಲೆ ಬಿದ್ದ, ಗಾಯಗೊಂಡ ನಾವಿಕನ ಊಟ, ವಸತಿ, ಚಿಕಿತ್ಸೆಯನ್ನು ಹಡಗಿನ ಮಾಲೀಕ ನೋಡಿಕೊಳ್ಳಬೇಕು. ಹಾಗಾದರೆ ಮಾರ್ಷಲ್ ದ್ವೀಪಗಳ ಕಾನೂನು ತಿಳಿಯಲು ನೀವು ಓದಬೇಕಾದದ್ದು ಅಮೆರಿಕದ ಫೆಡರಲ್ ಕೋರ್ಟುಗಳ ತೀರ್ಪು. ಕೋರ್ಟ್‌ಲಿಸನರ್ ತಾಣದಲ್ಲೋ ಗೂಗಲ್ ಸ್ಕಾಲರ್‌ನ ತೀರ್ಪು ವಿಭಾಗದಲ್ಲೋ ಆ ಮೂರು ಪದಗಳನ್ನು ಇಂಗ್ಲಿಷಿನಲ್ಲಿ, ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿ. ಕಾಸು ಕೊಡಬೇಕಿಲ್ಲ. ಅಂದಹಾಗೆ ಅಲ್ಲಿನ ಕಂಪನಿ ಕಾಯ್ದೆಯದೂ ಇದೇ ಕಥೆ, ಅದನ್ನು ಡೆಲವೇರ್ ರಾಜ್ಯದ ಕಾನೂನಿಗೆ ಹೊಂದುವಂತೆ ಓದಬೇಕೆಂದು ಕಾಯ್ದೆಯೇ ಹೇಳುತ್ತದೆ.

ಇನ್ನೊಂದು ದಾಖಲೆ ಹಡಗಿನಲ್ಲೇ ಇದೆ. ನಾವಿಕರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವಾದ 2006ರ ಎಂಎಲ್‌ಸಿಯನ್ನು (ಮ್ಯಾರಿಟೈಮ್ ಲೇಬರ್ ಕನ್ವೆನ್ಶನ್) ಮಾರ್ಷಲ್ ದ್ವೀಪಗಳು 2007ರಲ್ಲೇ ಅನುಮೋದಿಸಿವೆ, ಭಾರತ 2015ರಲ್ಲಿ ಅನುಮೋದಿಸಿತು. ಅದರಂತೆ, ಎಂಎಲ್‌ಸಿ ಪ್ರಮಾಣಪತ್ರ ಪಡೆದ ಹಡಗಿನಲ್ಲಿ ಆ ದೇಶ ಒಪ್ಪಂದವನ್ನು ತನ್ನ ಯಾವ ಕಾನೂನಿನ ಮೂಲಕ ಜಾರಿ ಮಾಡಿದೆ ಎಂಬ ಘೋಷಣಾಪತ್ರ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಿರಬೇಕು. ಮೆಸ್ ರೂಮಿನ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಹೆಚ್ಚಾಗಿ ಸಿಗುತ್ತದೆ. ಅದರ ಮೊದಲ ಭಾಗದಲ್ಲಿ ಕಾಯ್ದೆ, ನಿಯಮಗಳ ಉಲ್ಲೇಖ ಇರುತ್ತದೆ. ನಾಲ್ಕು ದಿನ ಇಂಟರ್ನೆಟ್ ಜಾಲಾಡುವ ಬದಲು, ಇನ್ನೂ ಹಡಗಿನಲ್ಲಿರುವ ಗೆಳೆಯನಿಂದ ಆ ಹಾಳೆಯ ಫೋಟೊ ತರಿಸಿಕೊಳ್ಳಿ. ಗಾಯಗೊಂಡ ನಾವಿಕನ ಸಂಬಳದ ಹೊಣೆಗೆ ದೇಶಗಳು ಕಾಲಮಿತಿ ಹಾಕಬಹುದು, ಆದರೆ ಅದು 16 ವಾರಕ್ಕಿಂತ ಕಡಿಮೆ ಇರುವಂತಿಲ್ಲ ಎಂದು ಎಂಎಲ್‌ಸಿ ಹೇಳುತ್ತದೆ. ನಿಮ್ಮ ಹುಡುಕಾಟಕ್ಕೆ ಅದೊಂದು ಗಟ್ಟಿ ಹಿಡಿ.

ತೀರ್ಪುಗಳ ವಿಷಯ. ಪೆಸಿಫಿಕ್ ದ್ವೀಪಗಳಿಗೆಲ್ಲ ದೊಡ್ಡ ಆಸರೆ ಪ್ಯಾಕ್‌ಲಿ, ಅಂದರೆ ಪೆಸಿಫಿಕ್ ಐಲ್ಯಾಂಡ್ಸ್ ಲೀಗಲ್ ಇನ್ಫರ್ಮೇಶನ್ ಇನ್‌ಸ್ಟಿಟ್ಯೂಟ್. ವನುವಾಟು ದೇಶದ ಪೋರ್ಟ್ ವಿಲಾದಲ್ಲಿರುವ ಯೂನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್‌ನ ಕಾನೂನು ಶಾಲೆ ಇದನ್ನು ನಡೆಸುತ್ತದೆ. ಫಿಜಿ, ಸಮೋವಾ, ಟೋಂಗಾ, ಸೊಲೊಮನ್, ಕಿರಿಬಾಟಿ, ತುವಾಲು, ನೌರು, ಮಾರ್ಷಲ್, ಕೊನೆಗೆ ನಲವತ್ತು ಐವತ್ತು ಜನರ ಪಿಟ್ಕೇರ್ನ್‌ವರೆಗೆ ಎಲ್ಲರ ಕಾಯ್ದೆ, ತೀರ್ಪು ಅಲ್ಲಿವೆ, ಪೂರ್ತಿ ಉಚಿತ. ಒಂದು ಸಣ್ಣ ಕಾನೂನು ಶಾಲೆ ಇಷ್ಟು ದೇಶಗಳ ಕಾನೂನನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿರುವುದನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನ್ನಿಸುತ್ತದೆ.

ಅಲ್ಲಿನ ಉಲ್ಲೇಖ ಸಂಖ್ಯೆ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ‘[2001] ಎಫ್‌ಜೆಸಿಎ 2’ ಎಂದಿದ್ದರೆ 2001ನೇ ಇಸವಿ, ಎಫ್‌ಜೆ ಅಂದರೆ ಫಿಜಿ, ಸಿಎ ಅಂದರೆ ಕೋರ್ಟ್ ಆಫ್ ಅಪೀಲ್, 2 ಎಂಬುದು ಆ ವರ್ಷದ ಕ್ರಮಸಂಖ್ಯೆ. ನಾನು ಸುಮ್ಮನೆ ಒಂದು ಸಂಖ್ಯೆ ಆರಿಸಿಕೊಂಡದ್ದಲ್ಲ. 2000ದ ದಂಗೆಯಲ್ಲಿ ಮನೆ, ಹೊಲ ಬಿಟ್ಟು ಓಡಬೇಕಾಗಿ ಬಂದ ಭಾರತೀಯ ಮೂಲದ ರೈತ ಚಂದ್ರಿಕಾ ಪ್ರಸಾದ್ ಹೂಡಿದ ದಾವೆಯ ತೀರ್ಪು ಅದು. ದಂಗೆಯಾದರೂ ಫಿಜಿಯ 1997ರ ಸಂವಿಧಾನ ಇನ್ನೂ ಜೀವಂತವಾಗಿದೆ ಎಂದು ಕೋರ್ಟು ಹೇಳಿತು. ಒಬ್ಬ ರೈತನ ದಾವೆ ಇಡೀ ದೇಶದ ಸಂವಿಧಾನವನ್ನು ಎತ್ತಿ ಹಿಡಿದ ಪರಿ ನೋಡಲು ಅದನ್ನು ಒಮ್ಮೆ ಓದಿ.

ಫಿಜಿಯ ಮುಂದಿನ ಇತಿಹಾಸದಲ್ಲಿ ಹುಡುಕುವವರಿಗೆ ಒಂದು ತೊಡಕೂ ಇದೆ. 2009ರ ಏಪ್ರಿಲ್‌ನಲ್ಲಿ ಕೋರ್ಟ್ ಆಫ್ ಅಪೀಲ್ 2006ರ ಸೇನಾ ಸರ್ಕಾರ ಕಾನೂನುಬಾಹಿರ ಎಂದಿತು. ಮರುದಿನವೇ ಸಂವಿಧಾನ ರದ್ದಾಯಿತು, ನ್ಯಾಯಾಧೀಶರನ್ನೂ ತೆಗೆದರು. ಆಮೇಲೆ ಕಾನೂನುಗಳು ಡಿಕ್ರಿ ಎಂಬ ಹೆಸರಿನಲ್ಲಿ ಬಂದವು. 2016ರ ಪರಿಷ್ಕೃತ ಆವೃತ್ತಿಯಲ್ಲಿ ಅವೇ ಆ್ಯಕ್ಟ್‌ಗಳಾದವು. ಹಾಗಾಗಿ ‘ಕ್ರೈಮ್ಸ್ ಡಿಕ್ರಿ 2009’, ‘ಕ್ರೈಮ್ಸ್ ಆ್ಯಕ್ಟ್ 2009’ ಎರಡೂ ಒಂದೇ, ತೀರ್ಪು ಬೇಕಾದರೆ ಎರಡು ಹೆಸರಲ್ಲೂ ಹುಡುಕಬೇಕು. ಭೂಮಿಯ ಕಾಯ್ದೆಗಳಲ್ಲಿ ‘ನೇಟಿವ್’ ಎಂದಿದ್ದ ಕಡೆ ‘ಇತೌಕೆಯಿ’, ಅಂದರೆ ಫಿಜಿಯ ಮೂಲನಿವಾಸಿಗಳು, ಎಂದಾಗಿದೆ. ಹಳೆಯ ‘ನೇಟಿವ್ ಲ್ಯಾಂಡ್ ಟ್ರಸ್ಟ್ ಆ್ಯಕ್ಟ್, ಕ್ಯಾಪ್ 134’ ಈಗ ‘ಇತೌಕೆಯಿ ಲ್ಯಾಂಡ್ ಟ್ರಸ್ಟ್ ಆ್ಯಕ್ಟ್ 1940’. ಹೊಸ ಹೆಸರು ಹಾಕಿ ಹಳೆಯ ತೀರ್ಪು ಹುಡುಕಿದರೆ ಸಿಗುವುದಿಲ್ಲ.

ಹುಡುಕುವ ಪೆಟ್ಟಿಗೆಯ ಬಗ್ಗೆ ಒಂದು ಮಾತು. ಗೂಗಲ್‌ನಲ್ಲಿ ಬರಲಿಲ್ಲ ಎಂದರೆ ತೀರ್ಪು ಇಲ್ಲ ಎಂದು ತಿಳಿಯಬೇಡಿ. ಕಕ್ಷಿದಾರರ ಖಾಸಗಿತನ ಕಾಪಾಡಲು ಆಸ್ಟ್ರೇಲಿಯಾದ ಆಸ್ಟ್‌ಲಿ, ಬ್ರಿಟನ್ನಿನ ಬೈಲಿಯಂಥ ತಾಣಗಳು ತೀರ್ಪುಗಳನ್ನು ಗೂಗಲ್‌ಗೆ ತೆರೆದಿಡುವುದಿಲ್ಲ. ಆಯಾ ತಾಣದ ಒಳಗಿನ ಪೆಟ್ಟಿಗೆಯಲ್ಲೇ ಹುಡುಕಬೇಕು. ಸಿಕ್ಕ ತೀರ್ಪನ್ನು ಮುಂದೆ ಯಾರಾದರೂ ಉಲ್ಲೇಖಿಸಿದ್ದಾರೆಯೇ ಎಂದು ನೋಡಲು ಆಸ್ಟ್‌ಲಿಯವರದೇ ಲಾಸೈಟ್ ಇದೆ, ಅದೂ ಉಚಿತ.

ಎರವಲು ಕಾನೂನಿನ ದಿನಾಂಕ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸುತ್ತೇನೆ. ಬ್ರಿಟಿಷರು ಆಳಿದ ದ್ವೀಪಗಳು ಇಂಗ್ಲೆಂಡಿನ ಕಾನೂನನ್ನು ಒಂದು ಗೊತ್ತಾದ ದಿನದವರೆಗಿನದು ಮಾತ್ರ ಎಂದು ತಂದುಕೊಂಡವು. ಫಿಜಿಗೆ ಆ ದಿನ 1875ರ ಜನವರಿ 2, ಸೊಲೊಮನ್ ದ್ವೀಪಗಳಿಗೆ 1961ರ ಜನವರಿ 1, ನೌರುವಿಗೆ ಅದು ಸ್ವತಂತ್ರವಾದ 1968ರ ಜನವರಿ 31. ಇಂಗ್ಲೆಂಡು ಆ ಕಾಯ್ದೆಯನ್ನು ಎಂದೋ ತೆಗೆದುಹಾಕಿರಬಹುದು, ದ್ವೀಪದಲ್ಲಿ ಅದು ಇನ್ನೂ ಉಸಿರಾಡುತ್ತಿರಬಹುದು. ಆಗ ನಿಮಗೆ ಬೇಕಾದದ್ದು ಇಂದಿನ ಇಂಗ್ಲಿಷ್ ಕಾಯ್ದೆಯಲ್ಲ, ಆ ದಿನ ಅದು ಇದ್ದ ರೂಪ. ನಮ್ಮ ದೇಶದ ಕಾನೂನೂ ಹೀಗೆ ಸಮುದ್ರ ದಾಟಿದೆ. ಜಾಂಜಿಬಾರ್ ದ್ವೀಪದಲ್ಲಿ ಬ್ರಿಟಿಷರು ಭಾರತದ ಕಾಯ್ದೆಗಳನ್ನೇ ಜಾರಿಗೊಳಿಸಿದ್ದರು. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಬ್ರಿಟಿಷ್ ಕಾನ್ಸುಲರ್ ಕೋರ್ಟಿನ ಅಪೀಲು ಬರುತ್ತಿದ್ದದ್ದು ಬಾಂಬೆ ಹೈಕೋರ್ಟಿಗೆ.

ಕೊನೆಯ ಅಪೀಲು ಎಲ್ಲಿಗೆ ಎಂಬುದಕ್ಕೂ ಇಷ್ಟೇ ತೂಕ. ಮಾರಿಷಸ್ 1992ರಲ್ಲಿ ಗಣರಾಜ್ಯವಾದರೂ ಕೊನೆಯ ಅಪೀಲು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೇ ಹೋಗುತ್ತದೆ. ಕೇಮನ್, ಬರ್ಮುಡಾ, ಜರ್ಸಿ, ಬ್ರಿಟಿಷ್ ವರ್ಜಿನ್ ದ್ವೀಪಗಳದೂ ಅಲ್ಲಿಗೇ. ನಮ್ಮ ಹಳೆಯ ವಕೀಲರು ‘ಎಐಆರ್ ಪಿಸಿ’ (ಆಲ್ ಇಂಡಿಯಾ ರಿಪೋರ್ಟರ್, ಪ್ರಿವಿ ಕೌನ್ಸಿಲ್) ಎಂದು ಉಲ್ಲೇಖಿಸುತ್ತಾರಲ್ಲ, 1949ರವರೆಗೆ ನಮ್ಮ ಅಪೀಲನ್ನೂ ಕೇಳುತ್ತಿದ್ದ ಅದೇ ಪೀಠ. ಅದರ ಹೊಸ ತೀರ್ಪುಗಳು ಪ್ರಿವಿ ಕೌನ್ಸಿಲ್‌ನ ಸ್ವಂತ ತಾಣದಲ್ಲೂ ಹಳೆಯವು ಬೈಲಿಯಲ್ಲೂ ಇವೆ. ಬಾರ್ಬಡೋಸ್, ಡೊಮಿನಿಕಾ, ಸೇಂಟ್ ಲೂಸಿಯಾಗಳು ಈಗ ಲಂಡನ್ ಬಿಟ್ಟು ಟ್ರಿನಿಡಾಡ್‌ನಲ್ಲಿರುವ ಕೆರೀಬಿಯನ್ ಕೋರ್ಟ್ ಆಫ್ ಜಸ್ಟಿಸ್‌ಗೆ ಹೋಗುತ್ತವೆ. ಅಲ್ಲಿನ ಪೂರ್ವಭಾಗದ ಒಂಬತ್ತು ದ್ವೀಪನಾಡುಗಳಿಗೆ ಸೇರಿ ಒಂದೇ ಈಸ್ಟರ್ನ್ ಕೆರೀಬಿಯನ್ ಸುಪ್ರೀಂ ಕೋರ್ಟ್ ಇದೆ, ಕೇಂದ್ರ ಸೇಂಟ್ ಲೂಸಿಯಾದ ಕ್ಯಾಸ್ಟ್ರೀಸ್‌ನಲ್ಲಿ. ನೌರುವಿನ ಕೆಲವು ಬಗೆಯ ಅಪೀಲುಗಳು 2018ರವರೆಗೆ ಆಸ್ಟ್ರೇಲಿಯಾದ ಹೈಕೋರ್ಟಿಗೆ ಹೋಗುತ್ತಿದ್ದವು, ಹಾಗಾಗಿ ಆ ತೀರ್ಪುಗಳು ಆಸ್ಟ್ರೇಲಿಯಾದ ತೀರ್ಪುಗಳ ಸಾಲಿನಲ್ಲಿ ಕೂತಿವೆ.

ಪಿಟ್ಕೇರ್ನ್‌ನ ಒಂದು ಪ್ರಕರಣ ಈ ಹುಡುಕಾಟದ ಬೇರನ್ನೇ ಮುಟ್ಟುತ್ತದೆ. ಆ ದ್ವೀಪದ ಕೆಲವು ಗಂಡಸರ ಮೇಲೆ ಲೈಂಗಿಕ ಅಪರಾಧಗಳ ಆರೋಪ ಬಂದು 2004ರಲ್ಲಿ ದ್ವೀಪದಲ್ಲೇ ವಿಚಾರಣೆ ನಡೆಯಿತು. ಶಿಕ್ಷೆಯಾದವರು ಪ್ರಿವಿ ಕೌನ್ಸಿಲ್‌ಗೆ ಹೋಗಿ, ಇಂಗ್ಲೆಂಡಿನ 1956ರ ಕಾಯ್ದೆಯನ್ನು ನಮ್ಮ ಮೇಲೆ ಹೇರಿದ್ದೀರಿ, ಅದನ್ನು ನಮ್ಮ ದ್ವೀಪದಲ್ಲಿ ಯಾರೂ ಪ್ರಕಟಿಸಿರಲಿಲ್ಲ ಎಂದು ವಾದಿಸಿದರು. 2006ರಲ್ಲಿ ಅಪೀಲು ವಜಾ ಆಯಿತು. ಅವರು ಮಾಡಿದ್ದು ಅಪರಾಧವೆಂದು ತಿಳಿಯಲು ಕಾಯ್ದೆ ಪುಸ್ತಕ ಬೇಕಿರಲಿಲ್ಲ, ಅಪೀಲು ವಜಾ ಆದದ್ದು ಸರಿಯೇ ಎಂದು ನಾನೂ ನಂಬುತ್ತೇನೆ. ಆದರೂ ಕಾನೂನು ಜನರ ಕೈಗೆ ಸಿಗುವಂತಿರಬೇಕು ಎಂಬ ಪ್ರಶ್ನೆ ಆ ತೀರ್ಪಿನಲ್ಲಿ ವಿವರವಾಗಿ ಚರ್ಚೆಯಾಗಿದೆ. ಕಾಣದ ದೇಶದ ಕಾನೂನಿಗೆ ಸಹಿ ಹಾಕಿದ ನಿಮ್ಮ ತಮ್ಮನಂಥವರ ನೆನಪು ನನಗೆ ಆ ಪುಟಗಳಲ್ಲಿ ಬರುತ್ತದೆ. ‘[2006] ಯುಕೆಪಿಸಿ 47’ ಎಂದು ಹಾಕಿ, ಸಿಗುತ್ತದೆ.

ಸಿಕ್ಕಿದ್ದನ್ನು ಎಷ್ಟು ನಂಬಬೇಕು ಎಂದು ಕೇಳಿದ್ದೀರಿ. ನನ್ನಿಂದಾದ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ವನುವಾಟುವಿನಲ್ಲಿ ಪರಂಪರೆಯ ಭೂಮಿಯ ವ್ಯಾಜ್ಯ ಯಾರು ತೀರ್ಮಾನಿಸುತ್ತಾರೆ ಎಂದು ಕೇಳಿದ್ದರು. ನಾನು ಪ್ಯಾಕ್‌ಲಿಯಲ್ಲಿ 2006ರ ಕ್ರೋಡೀಕೃತ ಆವೃತ್ತಿ ತೆರೆದು ಕಸ್ಟಮರಿ ಲ್ಯಾಂಡ್ ಟ್ರಿಬ್ಯೂನಲ್ ಆ್ಯಕ್ಟ್ ಕಳಿಸಿದೆ. ಚೊಕ್ಕ ಪಾಠ, ಕಲಂಗಳೆಲ್ಲ ಸರಿಯಾಗಿದ್ದವು. ಆದರೆ 2013ರಲ್ಲೇ ಕಸ್ಟಮ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಆ್ಯಕ್ಟ್ ಬಂದು ಆ ಕಾಯ್ದೆಯನ್ನು ತೆಗೆದುಹಾಕಿತ್ತು. ತೀರ್ಮಾನದ ಅಧಿಕಾರ ಟ್ರಿಬ್ಯೂನಲ್ ಬಿಟ್ಟು ಊರಿನ ಹಿರಿಯರು ಕೂಡುವ ನಕಮಾಲ್‌ಗೆ ಹೋಗಿತ್ತು. 2006ರ ಪುಟಕ್ಕೆ 2013 ಹೇಗೆ ಗೊತ್ತಿರಲು ಸಾಧ್ಯ? ಆಕೆ ಒಂದು ಅಧ್ಯಾಯ ಪೂರ್ತಿ ತಿರುಗಿ ಬರೆಯಬೇಕಾಯಿತು. ಆ ಬೇಸರ ನನಗೆ ಇನ್ನೂ ಇದೆ. ಅಂದಿನಿಂದ ಕ್ರೋಡೀಕೃತ ಪಾಠ ಓದಿದ ಮೇಲೆ, ಅದರ ಮುಂದಿನ ವರ್ಷದಿಂದ ಇಂದಿನವರೆಗಿನ ವಾರ್ಷಿಕ ಕಾಯ್ದೆಗಳ ಪಟ್ಟಿಯನ್ನು ಒಂದೊಂದು ವರ್ಷವಾಗಿ ನೋಡದೆ ಯಾರಿಗೂ ಉತ್ತರ ಕೊಡುವುದಿಲ್ಲ. ಸಣ್ಣ ದೇಶಗಳಲ್ಲಿ ವರ್ಷಕ್ಕೆ ಬರುವ ಕಾಯ್ದೆ ಕಡಿಮೆ, ಒಂದು ಸಂಜೆಯ ಕೆಲಸ. ಸರ್ಕಾರದ್ದೇ ತಾಣವಿದ್ದರೆ, ಫಿಜಿ ಸರ್ಕಾರದ ಕಾನೂನು ತಾಣ ಅಥವಾ ನೌರುವಿನ ರಾನ್‌ಲಾ ತರಹದ್ದು, ಕಾಯ್ದೆಗೆ ಮೊದಲು ಅಲ್ಲಿಗೆ ಹೋಗಿ. ತೀರ್ಪಿಗೆ ಪ್ಯಾಕ್‌ಲಿ.

ಆದರೂ ಸಂಶಯ ಉಳಿದರೆ ನೇರವಾಗಿ ಆ ಕೋರ್ಟಿನ ಕ್ಲರ್ಕ್‌ಗೆ ಇಮೇಲ್ ಬರೆಯಿರಿ. ದೊಡ್ಡ ದೇಶಗಳಲ್ಲಿ ಅಂಥ ಪತ್ರ ಕಳೆದುಹೋಗುತ್ತದೆ. ದ್ವೀಪಗಳಲ್ಲಿ ಉತ್ತರಿಸುವವರನ್ನು ನಾನು ಕಂಡಿದ್ದೇನೆ. ಕೇಸಿನ ಹೆಸರು, ವರ್ಷ, ನಿಮಗೆ ಬೇಕಾದ ಒಂದೇ ಒಂದು ಸಂಗತಿ, ಇಷ್ಟು ಬರೆದರೆ ಸಾಕು.

ಇಲ್ಲಿನ ಕೋರ್ಟಿನ ಮುಂದೆ ಇಡುವುದಾದರೆ ಇನ್ನೊಂದು ಮೆಟ್ಟಿಲಿದೆ. ನಮ್ಮ ಕೋರ್ಟಿಗೆ ಹೊರದೇಶದ ಕಾನೂನು ಒಂದು ಸಂಗತಿ, ಅದನ್ನು ಸಾಬೀತು ಮಾಡಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂನಂತೆ ತಜ್ಞರ ಅಭಿಪ್ರಾಯ ಕೊಡಿಸಬಹುದು, ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 45 ಆಗಿತ್ತು. 32ನೇ ಕಲಂ ನಿಮಗೆ ಹೆಚ್ಚು ಉಪಯೋಗ: ಆಯಾ ದೇಶದ ಸರ್ಕಾರದ ಅಧಿಕಾರದಡಿ ಪ್ರಕಟವಾದ ಕಾನೂನು ಪುಸ್ತಕದ ಪಾಠ, ಡಿಜಿಟಲ್ ರೂಪದ್ದೂ ಸೇರಿ, ಪರಿಗಣನೆಗೆ ಬರುತ್ತದೆ. ಸರ್ಕಾರದ ಪ್ರತಿಗೂ ಏಜೆಂಟರ ತಾಣದ ಪ್ರತಿಗೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ. ಪ್ರಿಂಟ್ ತೆಗೆಯುವಾಗ ತಾಣದ ವಿಳಾಸ, ತಾರೀಖು, ಸಮಯ ಪುಟದ ಮೇಲೆ ಬರುವಂತೆ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ದಾಖಲೆಗೆ ಕೊಡಬೇಕಾದ 63ನೇ ಕಲಂನ ಪ್ರಮಾಣಪತ್ರಕ್ಕೂ ಅದು ಬೇಕಾಗುತ್ತದೆ.

ಕಾನೂನು ಹುಡುಕುತ್ತ ದಿನ ಕಳೆಯಬೇಡಿ. ‘ಮಾರ್ಷಲ್ ದ್ವೀಪಗಳ ಕಾನೂನು ಅನ್ವಯ’ ಎಂದ ಮಾತ್ರಕ್ಕೆ ದಾವೆಯೂ ಮಜುರೊದಲ್ಲೇ ನಡೆಯಬೇಕೆಂದಿಲ್ಲ. ವ್ಯಾಜ್ಯ ಎಲ್ಲಿ, ಪಂಚಾಯ್ತಿ (ಆರ್ಬಿಟ್ರೇಶನ್) ಇದೆಯೇ ಎಂಬುದಕ್ಕೆ ಕಾಂಟ್ರಾಕ್ಟಿನಲ್ಲಿ ಬೇರೆ ಕಲಂ ಇರಬಹುದು, ಯೂನಿಯನ್ ಒಪ್ಪಂದ ಲಗತ್ತಿಸಿದ್ದರೆ ಅದರೊಳಗೂ ಇರಬಹುದು. ಹಡಗಿನ ವ್ಯಾಜ್ಯಗಳಿಗೆಂದೇ ಇರುವ ನಮ್ಮ 2017ರ ಅಡ್ಮಿರಾಲ್ಟಿ ಕಾಯ್ದೆಯಲ್ಲಿ ನಾವಿಕರ ಸಂಬಳ, ದೇಹಕ್ಕಾದ ಗಾಯ ಎರಡೂ ಸಾಗರ ಕ್ಲೇಮುಗಳು. ಆ ಹಡಗು ನವಮಂಗಳೂರು ಬಂದರಿಗೆ ಬಂದರೆ ಅದನ್ನು ತಡೆದು ನಿಲ್ಲಿಸುವ ಅಧಿಕಾರ ಕರ್ನಾಟಕ ಹೈಕೋರ್ಟಿಗಿದೆ. ಹಡಗಿಗೆ ಸಿಬ್ಬಂದಿ ಸೇರಿಸುವ ಮ್ಯಾನಿಂಗ್ ಏಜೆಂಟರು ಭಾರತದವರಾದರೆ ಮುಂಬೈನ ಡಿಜಿ ಶಿಪ್ಪಿಂಗ್ ಕಚೇರಿಗೆ ಈಗಲೇ ದೂರು ಕೊಡಿ. ಹಡಗಿನ ಗುರುತು ಸಂಖ್ಯೆಯಾದ ಐಎಂಒ ನಂಬರು, ಕಾಂಟ್ರಾಕ್ಟಿನ ಎಲ್ಲ ಪುಟ, ಸೈನ್ ಆಫ್ ದಿನದ ವೈದ್ಯರ ಚೀಟಿ, ಕೊನೆಯ ಸಂಬಳದ ಸ್ಲಿಪ್ಪು, ಇವಿಷ್ಟನ್ನು ಒಂದು ಫೈಲಿನಲ್ಲಿ ಕಟ್ಟಿ ಅಡ್ಮಿರಾಲ್ಟಿ ಕೇಸು ನಡೆಸುವ ವಕೀಲರನ್ನು ಈ ವಾರವೇ ಕಾಣಿ. 113ನೇ ಕಲಂನ ಪ್ರಿಂಟನ್ನು ಅದೇ ಫೈಲಿನ ಮೇಲೆ ಇಡಿ.